ಎರವಲು ಕಿವಿ

ಬಿಸಿಯಾದ ಎಂಜಿನ್ನು ಸುಳ್ಳು ಹೇಳುತ್ತದೆ,
ಅದಕ್ಕೇ ಮೆದೆರ್‌ಬೆಕ್‌ನ ವ್ಯಾನನ್ನು
ರಾತ್ರಿಯಿಡೀ ನಮ್ಮ ಅಂಗಳದಲ್ಲೇ ನಿಲ್ಲಿಸಿಕೊಂಡೆವು.
ನರೀನ್ ಊರಿನ ಜನವರಿ. ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಬ್ಯಾಟರಿಯನ್ನು ಮಾತ್ರ ಬಿಚ್ಚಿ ಒಳಗೆ ತಂದು
ಒಲೆಯ ಪಕ್ಕ ಮಲಗಿಸಿದ್ದೆ, ಎಳೆ ಕುರಿಮರಿಯ ಹಾಗೆ.

ಬೆಳಿಗ್ಗೆ ಆರಕ್ಕೆ ಕುಬಾತ್ ಉಸ್ತಾದ್ ಬಂದ,
ಕೈಯಲ್ಲಿ ಜುನಿಪರ್ ಮರದ ಕೋಲು:
ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಹಲ್ಲಿಗೆ.
ಮೂವತ್ತು ವರ್ಷ ಕಿವಿಯಿಂದ ಉಂಡವನಿಗೆ
ಈಗ ಉಳಿದಿರುವುದು ದವಡೆಯ ಎಲುಬು,
ಮತ್ತೆ ನಾನು.

"ಬುರುಲ್, ಗೇರ್‌ಬಾಕ್ಸಿನ ಕಡೆ ನಿಲ್ಲು.
ಈ ಜಾತಿಯದು ಚೈನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ.
ಮೊದಲ ಮೂರು ಸೆಕೆಂಡು ಉಸಿರು ಬಿಡಬೇಡ.
ಎಣ್ಣೆ ಮೇಲೆ ಹತ್ತುವುದರೊಳಗೆ
ಹೇಳಬೇಕಾದ್ದನ್ನೆಲ್ಲ ಹೇಳಿಬಿಡುತ್ತದೆ."

ಮೆದೆರ್‌ಬೆಕ್ ಕೀಲಿ ತಿರುಗಿಸಿದ.

ಗಳಗಳಗಳ
ಆಮೇಲೆ ಏನೂ ಆಗಿಲ್ಲವೆಂಬಂತೆ ಡೀಸೆಲ್ಲಿನ ಗುಡುಗುಡು.

"ಯಾವ ಥರ?" ಅಂದ ಉಸ್ತಾದ್.
ತಗಡಿನ ಡಬ್ಬಿಯಲ್ಲಿ ಏಪ್ರಿಕಾಟ್ ವಾಟೆ ಕುಲುಕಿದ ಹಾಗೆ, ಅಂದೆ,
ಬಾಯನ್ನು ಅವನ ಬಲಗಿವಿಗೆ ಹಚ್ಚಿ.
"ವಾಟೆ ಒಣಗಿದ್ದೋ ಹಸಿಯೋ?"

ನಗಬೇಡಿ. ಅವನು ನಗುತ್ತಿರಲಿಲ್ಲ.
ಹಸಿಯಾದರೆ ಇಂಜೆಕ್ಟರು, ಮೈ ಕಾದರೂ ಬಾಯಿ ಮುಚ್ಚದು.
ಕಿರ್ರೆಂದರೆ ಬೆಲ್ಟು, ನೀರು ಚಿಮುಕಿಸಿದರೆ
ಗಳಿಗೆ ಸುಮ್ಮನಿದ್ದು ಮತ್ತೆ ರಚ್ಚೆ ಹಿಡಿಯುತ್ತದೆ.
ತಳದಿಂದ ದಬ್ ದಬ್ ಎಂದು ಬಂತೋ,
ಗಿರಾಕಿಗೆ ಚಹಾ ಕೊಟ್ಟು ಕಳಿಸುವುದಷ್ಟೇ ನಮ್ಮ ಕೆಲಸ.

ಅಜ್ಜಿಯ ಜಪಮಣಿ ಹರಿದು ಮೆಟ್ಟಿಲ ಮೇಲೆ ಉರುಳಿ,
ಯಾರೋ ಥಟ್ಟನೆ ಅಂಗೈಯಲ್ಲಿ ಹಿಡಿದ ಹಾಗೆ,
ಅನ್ನಬೇಕೆಂದಿದ್ದೆ. ಆದರೆ ಮೆದೆರ್‌ಬೆಕ್ ನನ್ನನ್ನೇ ನೋಡುತ್ತಿದ್ದ.
ಒಂಬತ್ತು ಗಂಟೆಗೆ ಹದಿನಾಲ್ಕು ಜನ,
ಡೊಲೊನ್ ಘಾಟಿ ದಾಟಿ ಬಿಷ್ಕೆಕ್‌ಗೆ.
ಅವರ ಮುಂಗಡ ಕೈಗೆ ಬಂದು ಖರ್ಚೂ ಆಗಿತ್ತು.
ಉಸ್ತಾದನಿಗಂತೂ ಕೇಳದು. ನಾನೊಬ್ಬಳು ಇಂಜೆಕ್ಟರು ಅಂದರೆ ಮುಗಿಯಿತು.
ಅವನ ತುಟಿ ಸದ್ದಿಲ್ಲದೆ ನನಗೆ ಅದನ್ನೇ ಹೇಳಿಕೊಡುತ್ತಿತ್ತು:
ಇಂ, ಜೆ, ಕ್ಟ, ರು.

ಕಿವಿ ಹೋದವನು ತುಟಿ ಓದುತ್ತಾನೆಂಬುದು
ಪಾಪ, ಅವನಿಗೆ ಹೊಳೆದಿರಲಿಲ್ಲ.

ಉಸ್ತಾದ್ ಕೋಲನ್ನು ಹಲ್ಲಿನಿಂದ ತೆಗೆದು ಒರೆಸಿಕೊಂಡ.
"ಎಣ್ಣೆ ಬದಲಿಸಿದ್ದು ಯಾವಾಗ?"
ಉತ್ತರ ಬರಲಿಲ್ಲ. ಬಂದ ಹಾಗೇ ಆಯಿತು.
"ಬುರುಲ್, ನೀನೇ ಹೇಳು."
ಒಣಗಿದ್ದು, ಅಂದೆ. ಮೆದೆರ್‌ಬೆಕ್‌ನ ಬೂಟು ನೋಡುತ್ತ.

ಹದಿನಾಲ್ಕು ಜನ ಬೇರೆ ಗಾಡಿ ಹುಡುಕಿಕೊಂಡರು.
ಒಬ್ಬಾಕೆ ನನಗೇ ಬೈದು ಹೋದಳು.

ಬಿಚ್ಚಲು ಎರಡು ದಿನ. ಹಳೆಯ ಚೈನನ್ನು
ಹೊಸದರ ಜೊತೆ ಒಂದೇ ಮೊಳೆಗೆ ತೂಗುಹಾಕಿದೆ.
ಅರ್ಧ ಕೊಂಡಿ ಉದ್ದ.
ಕಬ್ಬಿಣ ಹಿಗ್ಗಿದ್ದಲ್ಲ; ಪ್ರತಿ ಪಿನ್ನೂ
ಕೂದಲಿನ ಹತ್ತರಲ್ಲೊಂದು ಪಾಲು ಸವೆದು,
ತನ್ನದೇನು ಮಹಾ ಎಂದುಕೊಂಡು ಸುಮ್ಮನಿತ್ತು.
ಮೇಲಿನ ಹಲ್ಲುಚಕ್ರ ಕೆಳಗಿನದಕ್ಕಿಂತ ಒಂದು ರೆಪ್ಪೆಯಷ್ಟು ಹಿಂದೆ ಬಿದ್ದಿತ್ತು.
ಇನ್ನೊಂದು ರೆಪ್ಪೆ ತಡವಾಗಿದ್ದರೆ
ಡೊಲೊನ್ ನೆತ್ತಿಯ ಹಿಮದಲ್ಲಿ
ವಾಲ್ವಿಗೆ ಪಿಸ್ಟನ್ನು ಎದುರಾಗುತ್ತಿತ್ತು.
ಮೆದೆರ್‌ಬೆಕ್ ಎರಡನ್ನೂ ಬೆರಳಲ್ಲಿ ಅಳೆದ, ಮತ್ತೆ ಅಳೆದ,
ಸಾಲದ ಚೀಟಿಯನ್ನು ಮಡಚಿ ಟೊಪ್ಪಿಯೊಳಗಿಟ್ಟುಕೊಂಡ.

ನಾಲ್ಕನೆಯ ಬೆಳಿಗ್ಗೆ, ಅದೇ ಚಳಿ, ಅದೇ ಆರು ಗಂಟೆ.
ಉಸ್ತಾದ್ ಕೋಲು ಕಚ್ಚಿ ಬಗ್ಗಿದ. ಕೀಲಿ ತಿರುಗಿತು.
ಒಂದು. ಎರಡು. ಮೂರು.

"ಏನು ಕೇಳಿತು?"
ಏನೂ ಇಲ್ಲ, ಅಂದೆ.
"ಯಾವ ಥರದ ಏನೂ ಇಲ್ಲ?"

ಎಂಜಿನ್ನು ಆರಿಸಲು ಹೇಳಿ ತುಸು ಹೊತ್ತು ನಿಂತೆ.
ನದಿಯಾಚೆ ಯಾರೋ ಬೂದಿಯ ಬಕೆಟ್ಟು ಬಡಿಯುತ್ತಿದ್ದಾರೆ, ಅಂದೆ.
ಒಂದು ನಾಯಿ, ಗಂಟಲು ಕಟ್ಟಿದ್ದು.
ಮತ್ತೆ, ನಿನ್ನ ಹಲ್ಲು, ಉಸ್ತಾದ್,
ಚಳಿಗೆ ಕೋಲಿನ ಮೇಲೆ ಕಟಕಟ.